ಗಜಗ್ರಹಣದಲ್ಲಿ ಅಗ್ರಾಹ್ಯವಿಚಾರ: ಮಂಜರಾಬಾದು ಮತ್ತು ಆಲೂರು ಸೀಮೆಯನ್ನು ಕುರಿತು

ಹಾಸನ ಜಿಲ್ಲೆಯ ಪಶ್ಚಿಮಭಾಗದಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯವು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ನಡೆಯುತ್ತಲಿದೆ. ಹಿಡಿಯಬೇಕೆಂದು ಬೆಳೆಗಾರರೂ ರೈತರೂ ಕೇಳುವರು. ಹಿಡಿಯಬಾರದೆಂದು ಮತ್ತೆ ಕೆಲವರು ವಾದಿಸುವರು. ಈ ವಾದದಲ್ಲಿ ಎರಡು ಪಕ್ಷದವರೂ ನಮ್ಮ ಪ್ರಾಚೀನ ಗ್ರಂಥಗಳ ಹೆಸರನ್ನು ಎತ್ತುವುದುಂಟು. ಒಬ್ಬರು, ಪೂರ್ವದ ಅರಸರು ಆನೆಗಳನ್ನು ನಿರಾಯಾಸವಾಗಿ ಹಿಡಿಯುತ್ತಿದ್ದರಷ್ಟೆ ಎನ್ನುತ್ತಾರೆ. ಇನ್ನೊಬ್ಬರು, ಆನೆಯು ನಮಗೆ ಪೂಜ್ಯವಲ್ಲವೇ ಎನ್ನುತ್ತಾರೆ. ಗಜಶಾಸ್ತ್ರವು ಈ ಎರಡನ್ನೂ ಹೇಳಲಿಲ್ಲ. ಅದು ಹೇಳಿದುದು ಬೇರೊಂದು ಮಾತು. ಮೃಗಗ್ರಹಣಕ್ಕೆ ಹೊಸದಾಗಿ ತೊಡಗುವವನು ಮೊದಲು ಕಲಿಯಬೇಕಾದುದು ಹಿಡಿಯುವ ಬಗೆಯನ್ನಲ್ಲ, ಯಾವುದನ್ನು ಹಿಡಿಯಕೂಡದು ಎಂಬುದನ್ನು ಎಂಬುದೇ ಆ ಮಾತು. ಗ್ರಂಥಗಳಲ್ಲಿ ಇದು ಹೇಗೆ ಬಂದಿದೆ, ಈ ಬೆಟ್ಟಗಳಲ್ಲಿ ಇದಕ್ಕೆ ಏನಾಗಿದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವು.

ಗಜಶಾಸ್ತ್ರದ ಉತ್ಪತ್ತಿಯನ್ನು ಹೇಳುವ ಕಥೆಯನ್ನೇ ಮೊದಲು ನೋಡೋಣ. ಪಾಲಕಾಪ್ಯಮುನಿಯ ಹೆಸರಿನಲ್ಲಿರುವ ಹಸ್ತ್ಯಾಯುರ್ವೇದದಲ್ಲಿಯೂ ಕೇರಳದ ನೀಲಕಂಠನ ಮಾತಂಗಲೀಲೆಯಲ್ಲಿಯೂ ಈ ಕಥೆಯು ಬರುತ್ತದೆ. ಅಂಗದೇಶದಲ್ಲಿ ಕಾಡಾನೆಗಳು ಪೈರನ್ನು ಹಾಳುಮಾಡುತ್ತಿದ್ದವು. ಪ್ರಜೆಗಳ ಕಷ್ಟವನ್ನು ನೋಡಿ ರೋಮಪಾದರಾಜನು ಆ ಹಿಂಡನ್ನು ಹಿಡಿಸಿ ಚಂಪಾನಗರದಲ್ಲಿ ಕಟ್ಟಿಸಿದನು. ಆ ಹಿಂಡಿನೊಡನೆಯೇ ಕಾಡಿನಲ್ಲಿ ಸಂಚರಿಸುತ್ತ ಬೆಳೆದಿದ್ದ ಪಾಲಕಾಪ್ಯನು ಆನೆಗಳನ್ನು ಕಾಣದೆ ಹುಡುಕಿಕೊಂಡು ಬಂದು, ಅವು ಕಂಬಗಳಲ್ಲಿ ಕಟ್ಟಿಸಿಕೊಂಡು ಗಾಯಗಳಿಂದ ಕೃಶವಾಗಿರುವುದನ್ನು ಕಂಡು, ಯಾರೊಡನೆಯೂ ಮಾತನಾಡದೆ ಗಾಯಗಳಿಗೆ ಮದ್ದನ್ನು ಹಚ್ಚತೊಡಗಿದನು. ರಾಜನು ಬಹುವಾಗಿ ಪ್ರಾರ್ಥಿಸಿದ ಮೇಲೆ ಅವನು ಹೇಳಿದುದೇ ಗಜಶಾಸ್ತ್ರವು.

ಈ ಕಥೆಯನ್ನು ಪೌರಾಣಿಕವೆಂದು ಬದಿಗಿಡುವುದು ಸುಲಭ. ಆದರೆ ಇದರ ಸನ್ನಿವೇಶವನ್ನು ಗಮನಿಸಬೇಕು. ಯುದ್ಧಕ್ಕೆ ಆನೆ ಬೇಕೆಂಬುದಾಗಲಿ ರಾಜನ ವೈಭವವಾಗಲಿ ಈ ಕಥೆಯಲ್ಲಿ ಕಾರಣವಲ್ಲ. ಪೈರಿನ ನಷ್ಟವೇ ಕಾರಣ. ಆಲೂರಿನ ಗದ್ದೆಯವನ ದೂರೂ ಸಕಲೇಶಪುರದ ಕಾಫಿ ತೋಟದವನ ದೂರೂ ಇದೇ ಆಗಿದೆ. ಶಾಸ್ತ್ರವು ಆರಂಭವಾಗುವುದು ಆನೆಯನ್ನು ಹಿಡಿಯುವುದರಿಂದಲ್ಲ. ಹಿಡಿದಾದ ಮೇಲೆ ಅದರ ಮೈಮೇಲಿರುವ ಗಾಯದಿಂದ. ಪ್ರಜೆಗಳ ಕಷ್ಟವನ್ನು ಕಥೆಗಾರನು ಸುಳ್ಳೆನ್ನಲಿಲ್ಲ, ರಾಜನನ್ನು ಪಾಪಿಯೆಂದೂ ಹೇಳಲಿಲ್ಲ. ಕಟ್ಟಿದವನು ಗಾಯಕ್ಕೆ ಉತ್ತರ ಹೇಳಬೇಕೆಂಬಷ್ಟನ್ನು ಮಾತ್ರ ಸೂಚಿಸಿದನು.

ಇನ್ನು ವಿಧಿರೂಪವಾದ ವಚನಗಳಿಗೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ತಾಳೆಯೋಲೆಯ ರೂಪದಲ್ಲಿ ಬಂದು, ಪಂಡಿತ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಅಚ್ಚಾಗಿ ಹೊರಬಿದ್ದ ಸಂಗತಿಯು ವಾಚಕರಿಗೆ ತಿಳಿದಿರುವುದೇ. ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ಆನೆಯ ಕಾಡನ್ನು ಕುರಿತೂ ಹಸ್ತ್ಯಧ್ಯಕ್ಷನನ್ನು ಕುರಿತೂ ಪ್ರಕರಣಗಳಿವೆ. ಅಲ್ಲಿ ನಾಗವನಪಾಲರೆಂಬ ಅಧಿಕಾರಿಗಳೂ, ಅವರ ಕೈಕೆಳಗೆ ಮಾವುತರು, ಕಾಲಿಗೆ ಪಾಶ ಹಾಕುವವರು, ಗಡಿಕಾಯುವವರು, ವನಚರರು, ಪರಿಚಾರಕರು ಎಂಬ ಜನವೂ ಹೇಳಲ್ಪಟ್ಟಿದ್ದಾರೆ. ಇವರು ಆನೆಯ ಮೂತ್ರಪುರೀಷಗಳಿಂದ ತಮ್ಮ ಮೈಗಂಧವನ್ನು ಮರೆಸಿಕೊಂಡು, ಗೇರಿನ ಜಾತಿಯ ಭಲ್ಲಾತಕಿಯ ಕೊಂಬೆಗಳಲ್ಲಿ ತಾವೂ ಮರೆಯಾಗಿ, ಐದೋ ಏಳೋ ಸಾಕಿದ ಹೆಣ್ಣಾನೆಗಳೊಡನೆ ಕಾಡಿನಲ್ಲಿ ಸಂಚರಿಸಬೇಕು. ಸಂಚರಿಸಿ ಮಾಡಬೇಕಾದುದೇನು? ಹಿಡಿಯುವುದಲ್ಲ. ಆನೆ ಮಲಗಿದ ನೆಲೆ, ಹೆಜ್ಜೆಯ ಗುರುತು, ಲದ್ದಿ, ಹೊಳೆಯ ದಡವನ್ನು ಕೆಡವಿದ ಜಾಡು, ಇವುಗಳನ್ನು ನೋಡಿ ಹಿಂಡು ಎಲ್ಲಿರುವುದೆಂಬುದನ್ನು ತಿಳಿಯಬೇಕು. ಹಿಂಡಿನಲ್ಲಿ ತಿರುಗುವುದು ಯಾವುದು, ಒಂಟಿ ಯಾವುದು, ಹಿಂಡಿನಿಂದ ಹೊರಬಿದ್ದುದು ಯಾವುದು, ಹಿಂಡಿನ ಒಡೆಯ ಯಾವುದು, ದುಷ್ಟ ಯಾವುದು, ಮದವೇರಿದುದು ಯಾವುದು, ಮರಿ ಯಾವುದು, ಕಟ್ಟಿನಿಂದ ಬಿಡಿಸಿಕೊಂಡು ಬಂದುದು ಯಾವುದು ಎಂಬುದನ್ನೆಲ್ಲ ಬರೆದಿಡಬೇಕು. ಬರೆದಿಡಬೇಕು ಎಂಬ ಮಾತಿನ ಮೇಲೆ ಒತ್ತುಕೊಡುತ್ತೇನೆ. ಮೂಲದಲ್ಲಿ ‘ನಿಬಂಧ’ ಎಂಬ ಶಬ್ದವೇ ಇದೆ. ಸಕಲೇಶಪುರದ ಕಡೆಯಲ್ಲಿ ಭೀಮ, ಕರಡಿ ಎಂದು ಕಾಡಾನೆಗಳಿಗೆ ಹೆಸರಿಟ್ಟು ಅವುಗಳ ಓಡಾಟವನ್ನು ದಿನದಿನವೂ ಗುರುತಿಸುವ ಪದ್ಧತಿಯು ಹೊಸದೆಂದು ತೋರುವುದಾದರೂ ಈ ನಿಬಂಧದ ಮುಂದುವರಿಕೆಯೇ ಆಗಿದೆ.

ಇದೇ ಪ್ರಕರಣದಲ್ಲಿ ಆನೆಯನ್ನು ಕೊಂದವನಿಗೆ ವಧದಂಡವೂ, ತಾನಾಗಿ ಸತ್ತ ಆನೆಯ ಎರಡು ದಂತಗಳನ್ನು ತಂದೊಪ್ಪಿಸಿದವನಿಗೆ ನಾಲ್ಕು ಪಣಕ್ಕೆ ಮೇಲ್ಪಟ್ಟ ಬಹುಮಾನವೂ ಹೇಳಿದೆ. ಅನಂತರ ಹಸ್ತ್ಯಧ್ಯಕ್ಷಪ್ರಕರಣದಲ್ಲಿ ಗ್ರಹಣದ ನಿಯಮವು ಬರುತ್ತದೆ. ಹಿಡಿಯುವ ಕಾಲ ಗ್ರೀಷ್ಮ. ಹಿಡಿಯತಕ್ಕ ಆನೆ ಇಪ್ಪತ್ತು ವರ್ಷದ್ದು. ಹಾಲು ಕುಡಿಯುವ ಮರಿಯಾದ ವಿಕ್ಕ, ಹೆಣ್ಣಾನೆಯಂಥ ಹಲ್ಲುಳ್ಳ ಮೋಢ, ದಂತವಿಲ್ಲದ ಮಕ್ಕಣ, ರೋಗಿ, ಗರ್ಭಿಣಿ, ಮರಿಗೆ ಹಾಲೂಡುವ ಹೆಣ್ಣಾನೆ, ಇಷ್ಟೂ ಅಗ್ರಾಹ್ಯ. ಪಾಠಭೇದಗಳುಂಟು, ಮೋಢಕ್ಕೆ ವ್ಯಾಖ್ಯಾನಕಾರರು ಕೊಡುವ ಅರ್ಥವೂ ಒಂದೇ ತೆರನಾಗಿಲ್ಲ. ಆದರೆ ಪಟ್ಟಿಯ ತಾತ್ಪರ್ಯದಲ್ಲಿ ಸಂದೇಹವಿಲ್ಲ. ಇಲ್ಲಿ ಭಾಷಾಜಿಜ್ಞಾಸುಗಳಿಗೆ ಒಂದು ಮಾತು. ದಂತವಿಲ್ಲದ ಗಂಡಾನೆಗೆ ನಮ್ಮ ಮಲೆನಾಡಿನವರು ಈಗಲೂ ‘ಮಕ್ನಾ’ ಎನ್ನುವರು. ಹಿಂದಿಯ ಮೂಲಕ ಮಾವುತರ ಬಾಯಲ್ಲಿ ಬಂದ ಈ ಶಬ್ದವು ಅರ್ಥಶಾಸ್ತ್ರದ ಮಕ್ಕಣವೇ. ಕೋಶಗಳಲ್ಲಿ ಮತ್ಕುಣವೆಂದು ಸಂಸ್ಕರಿಸಲ್ಪಟ್ಟಿದೆ. ಮತ್ಕುಣವೆಂದರೆ ತಿಗಣೆಯೆಂದೂ ಅರ್ಥವಿರುವುದರಿಂದ ಪಾಠಶಾಲೆಯ ಹುಡುಗರು ಈ ಸ್ಥಳದಲ್ಲಿ ನಗುವುದು ವಾಡಿಕೆ.

ಈ ನಿಯಮಗಳಿಗೆ ಒಂದು ಪೂರ್ವಪಕ್ಷವುಂಟು. ಇದು ಕರುಣೆಯಲ್ಲ, ಲೆಕ್ಕಾಚಾರ; ಮರಿಯು ಯುದ್ಧಕ್ಕೆ ಬಾರದು, ಮಕ್ಕಣಕ್ಕೆ ದಂತವಿಲ್ಲ, ರೋಗಿಯು ಮೇವಿಗೆ ದಂಡ; ಆದುದರಿಂದ ಅರಸನು ಅವುಗಳನ್ನು ಬಿಟ್ಟನು ಎಂಬುದು ಆ ಪಕ್ಷದ ಸಾರ. ಇದನ್ನು ನಾನು ಬಹುಮಟ್ಟಿಗೆ ಒಪ್ಪುವೆನು. ಕೌಟಿಲ್ಯನಿಂದ ಕರುಣೆಯನ್ನು ಹಿಂಡುವುದು ಮರಳಿನಿಂದ ಎಣ್ಣೆಯನ್ನು ಹಿಂಡಿದಂತೆ. ಆದರೆ ಗರ್ಭಿಣಿಯನ್ನೂ ಹಾಲೂಡುವ ತಾಯಿಯನ್ನೂ ಬಿಡುವುದು ಕೇವಲ ಈ ವರ್ಷದ ಲೆಕ್ಕವಲ್ಲ, ಮುಂದಿನ ಇಪ್ಪತ್ತು ವರ್ಷಗಳ ಲೆಕ್ಕ. ಅರಸನು ಲಾಭಕ್ಕಾಗಿಯೇ ಬಿಡಲಿ, ಕಾಡಿನಲ್ಲಿ ಹಿಂಡು ಉಳಿಯಿತು. ಮತ್ತು ಹೀಗೆ ಬಿಡುವುದಕ್ಕೆ ನೋಡಿ ತಿಳಿಯುವ ವಿದ್ಯೆ ಬೇಕು. ದೂರದಿಂದಲೇ ಗರ್ಭಿಣಿಯನ್ನು ಗುರುತಿಸಲಾರದವನು ಪಾಶವನ್ನು ಮುಟ್ಟಲು ಅನರ್ಹನು. ಅಗ್ರಾಹ್ಯದ ಪಟ್ಟಿಯ ನಿಜವಾದ ಪ್ರಯೋಜನವಿದು: ಅದು ಹೊಸಬನ ಕೈಯನ್ನು ತಡೆದು ಅವನ ಕಣ್ಣನ್ನು ತೆರೆಸುತ್ತದೆ.

ಹಿಡಿಯುವ ಬಗೆಗಳನ್ನು ನೋಡಿದರೆ ಈ ಅಂಶವು ಇನ್ನೂ ಸ್ಪಷ್ಟವಾಗುವುದು. ಕಲ್ಯಾಣದ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಅಭಿಲಷಿತಾರ್ಥಚಿಂತಾಮಣಿಯಲ್ಲಿಯೂ ಮೇಲೆ ಹೇಳಿದ ಮಾತಂಗಲೀಲೆಯಲ್ಲಿಯೂ ಐದು ಬಂಧಗಳು ಎಣಿಸಲ್ಪಟ್ಟಿವೆ. ಆವರಣವನ್ನು ಕಟ್ಟಿ ಹಿಂಡನ್ನು ಒಳಕ್ಕೆ ಕೂಡುವುದು ವಾರೀಬಂಧ. ಸಾಕಿದ ಹೆಣ್ಣಾನೆಯಿಂದ ಮರುಳುಗೊಳಿಸುವುದು ವಶಾಬಂಧ. ಬೆನ್ನಟ್ಟಿ ಹಿಡಿಯುವುದು ಅನುಗತ. ಮೇಲೆ ಬಿದ್ದು ಹಿಡಿಯುವುದು ಆಪಾತ. ಹುಲ್ಲುಕಡ್ಡಿಗಳಿಂದ ಮುಚ್ಚಿದ ಗುಂಡಿಯಲ್ಲಿ ಕೆಡಹುವುದು ಅವಪಾತ. ಇವುಗಳಲ್ಲಿ ಕಡೆಯ ಎರಡನ್ನು ಮಾಡಕೂಡದೆಂದು ಮಾತಂಗಲೀಲೆಯು ಹೇಳುತ್ತದೆ. ಆನೆಗಳು ನಾಶವಾಗುವುದೇ ಅದಕ್ಕೆ ಕೊಟ್ಟ ಕಾರಣ.

ಈ ಕಾರಣಕ್ಕೆ ಮತ್ತೊಂದನ್ನು ಸೇರಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ವಾರಿಯಲ್ಲಿ ಕೂಡಿದ ಹಿಂಡಿನಲ್ಲಿ ಬೇಡದುದನ್ನು ಹೊರಕ್ಕೆ ಬಿಡಬಹುದು. ಹೆಣ್ಣಾನೆಯ ಮೇಲೆ ಕುಳಿತವನು ತನಗೆ ಬೇಕಾದ ಗಂಡಾನೆಯನ್ನೇ ಅರಸಿ ಹೋಗಬಹುದು. ಬೆನ್ನಟ್ಟುವವನು ನಡುವೆ ನಿಲ್ಲಬಹುದು. ಗುಂಡಿಗೆ ಮಾತ್ರ ಕಣ್ಣಿಲ್ಲ. ಅದರ ಮೇಲೆ ಮೊದಲು ಕಾಲಿಟ್ಟುದು ವಿಕ್ಕವೋ ಧೇನುಕೆಯೋ ಹಸುವೋ ಹಳ್ಳಿಯ ಹುಡುಗನೋ ಎಂಬುದನ್ನು ಅದು ವಿಚಾರಿಸದು. ಅಗ್ರಾಹ್ಯವಿಚಾರವನ್ನು ಒಪ್ಪಿದ ಶಾಸ್ತ್ರಕ್ಕೆ ಅವಪಾತವು ಸ್ವಭಾವತಃ ವಿರುದ್ಧವಾದುದು. ಕಾಳಿದಾಸನು ರಘುವಂಶದ ಹದಿನಾರನೆಯ ಸರ್ಗದಲ್ಲಿ, ಕುಶನ ಅಸ್ತ್ರದಿಂದ ಕಲಕಿದ ನೀರಿನ ಮೊರೆತಕ್ಕೆ ಉಪಮಾನವಾಗಿ ಗುಂಡಿಯಲ್ಲಿ ಬಿದ್ದ ಕಾಡಾನೆಯ ಕೂಗನ್ನು ತಂದಿದ್ದಾನೆ. ಆ ಕೂಗನ್ನು ಅವನ ಕಾಲದ ಜನರು ಕೇಳಿ ಬಲ್ಲವರಾಗಿದ್ದರೆಂದು ಊಹಿಸಬಹುದು. ನಿಷೇಧವಿದ್ದ ಮಾತ್ರಕ್ಕೆ ಗುಂಡಿಗಳು ನಿಂತಿರಲಿಲ್ಲ.

ಕನ್ನಡದಲ್ಲಿಯೂ ಇದರ ನೆನಪು ವಿಚಿತ್ರವಾಗಿ ಉಳಿದಿದೆ. ‘ಖೆಡ್ಡಾ’ ಎಂಬುದು ಹಿಂದಿಯಿಂದ ಬಂದ ಶಬ್ದ. ಅಟ್ಟುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿ, ಆನೆಯನ್ನು ಅಟ್ಟಿ ಕೂಡುವ ಆವರಣಕ್ಕೆ ಹೆಸರಾಯಿತು. ಆದರೆ ನಾವು ಖೆಡ್ಡಾಕ್ಕೆ ಅಟ್ಟಿದರು ಎನ್ನುವುದಿಲ್ಲ. ‘ಖೆಡ್ಡಾಕ್ಕೆ ಕೆಡವಿದರು’, ‘ಖೆಡ್ಡಾಕ್ಕೆ ಬಿದ್ದನು’ ಎನ್ನುತ್ತೇವೆ. ಬೇಲಿಯೊಳಕ್ಕೆ ಯಾರೂ ಬೀಳುವುದಿಲ್ಲ. ಹೊಸ ಶಬ್ದವು ಬಂದಾಗ ಅದಕ್ಕೆ ಹಳೆಯ ಗುಂಡಿಯ ಕ್ರಿಯಾಪದವನ್ನೇ ನಮ್ಮ ಜನರು ಹೊಂದಿಸಿದರೆಂದು ಇದರಿಂದ ತಿಳಿಯಬಹುದಾಗಿದೆ. ಅಮರಸಿಂಹನ ಕೋಶದಲ್ಲಿ ಆನೆ ಕಟ್ಟುವ ನೆಲೆಗೆ ಹೇಳಿರುವ ‘ವಾರೀ’ ಎಂಬ ಶಬ್ದವಾದರೋ ಆಡುಮಾತಿಗೆ ಇಳಿಯಲೇ ಇಲ್ಲ. ಶಾಸ್ತ್ರವು ಒಪ್ಪಿದ ಬಗೆ ಕೋಶದಲ್ಲಿ ಉಳಿಯಿತು, ನಿಷೇಧಿಸಿದ ಬಗೆ ನುಡಿಗಟ್ಟಿನಲ್ಲಿ ಉಳಿಯಿತು.

ರಘುವಂಶದ ಪ್ರಸ್ತಾಪ ಬಂದುದರಿಂದ ಇನ್ನೆರಡು ಸ್ಥಳಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಐದನೆಯ ಸರ್ಗದಲ್ಲಿ ಸ್ವಯಂವರಕ್ಕೆ ಹೊರಟ ಅಜನ ಶಿಬಿರದ ಮೇಲೆ ನರ್ಮದೆಯಿಂದ ಎದ್ದ ಕಾಡಾನೆಯೊಂದು ನುಗ್ಗುತ್ತದೆ. ಕಾಡಾನೆಯು ಅರಸನಿಗೆ ಅವಧ್ಯವೆಂಬುದನ್ನು ಕೇಳಿ ತಿಳಿದಿದ್ದ ಆ ರಾಜಕುಮಾರನು ಬಿಲ್ಲನ್ನು ಪೂರ್ಣವಾಗಿ ಸೆಳೆಯದೆ, ಹಿಮ್ಮೆಟ್ಟಿಸುವಷ್ಟಕ್ಕೆ ಮಾತ್ರ ಬಾಣವನ್ನು ಬಿಟ್ಟನು. ಆ ಆನೆಯು ಶಾಪಗ್ರಸ್ತನಾದ ಗಂಧರ್ವನಾಗಿದ್ದು ಅಸ್ತ್ರವನ್ನು ಕೊಟ್ಟು ಹೋಯಿತು. ಒಂಬತ್ತನೆಯ ಸರ್ಗದಲ್ಲಿ ಅದೇ ಅಜನ ಮಗನಾದ ದಶರಥನು ಕೊಡವು ನೀರು ತುಂಬುವ ಸದ್ದನ್ನು ಆನೆಯ ಬೃಂಹಿತವೆಂದು ಭ್ರಮಿಸಿ ಶಬ್ದವೇಧಿ ಬಾಣವನ್ನು ಬಿಡುತ್ತಾನೆ. ಕವಿಯು ಅಲ್ಲಿ, ಇದು ಅರಸನಿಗೆ ನಿಷಿದ್ಧವಾಗಿದ್ದುದೇ ಆಗಿತ್ತು, ದಶರಥನು ಅದನ್ನು ಮೀರಿದನು ಎಂದು ಎಚ್ಚರಿಕೆಯಿಂದ ಹೇಳುತ್ತಾನೆ. ನಾವು ಚಿಕ್ಕವರಾಗಿ ಪಾಠ ಹೇಳಿಸಿಕೊಳ್ಳುತ್ತಿದ್ದಾಗ ಮುನಿಕುಮಾರನ ಮರಣಕ್ಕೆ ಕಣ್ಣೀರಿಡುತ್ತ ಈ ಮಾತನ್ನು ದಾಟಿ ಹೋಗುತ್ತಿದ್ದೆವು. ಗುರುಗಳು ನಿಲ್ಲಿಸಿ, ತಪ್ಪು ಯಾವುದೆಂದು ಕೇಳುತ್ತಿದ್ದರು. ಋಷಿಪುತ್ರನನ್ನು ಕೊಂದುದು ಎಂದರೆ ಅಲ್ಲವೆಂದು ತಲೆಯಾಡಿಸುವರು. ನೋಡದೆ ಹೊಡೆದುದು ಎಂದರೂ ಅರ್ಧವೇ ಸರಿ. ಅದು ನಿಜವಾಗಿ ಆನೆಯೇ ಆಗಿದ್ದರೂ ಅವನು ತಪ್ಪಿತಸ್ಥನೇ ಎಂಬುದು ಅವರು ಬಿಡಿಸಿ ಹೇಳುತ್ತಿದ್ದ ಉತ್ತರವು. ರಾಮಾಯಣದ ವಿಯೋಗಕ್ಕೆಲ್ಲ ಮೂಲವಾದ ಶಾಪವು, ಕಾಳಿದಾಸನ ಕಾವ್ಯದಲ್ಲಿ, ಗಜಾವಧ್ಯನಿಯಮದ ಉಲ್ಲಂಘನೆಯಿಂದ ಹುಟ್ಟಿತು.

ಕನ್ನಡನಾಡಿನಲ್ಲಿ ಈ ಶಾಸ್ತ್ರಕ್ಕೆ ಆಶ್ರಯವಿದ್ದುದಕ್ಕೆ ಸಾಕ್ಷ್ಯಗಳುಂಟು. ಹಾಸನದ ಸೀಮೆಯನ್ನೂ ಒಳಗೊಂಡ ಗಂಗವಾಡಿಯನ್ನಾಳಿದ ಗಂಗರಿಗೆ ಆನೆಯೇ ಲಾಂಛನವಾಗಿದ್ದಿತು. ಶ್ರೀಪುರುಷನು ಗಜಶಾಸ್ತ್ರವನ್ನು ಬರೆದನೆಂದೂ, ಅವನ ಮಗ ಸೈಗೊಟ್ಟ ಶಿವಮಾರನು ಗಜಾಷ್ಟಕವನ್ನು ರಚಿಸಿದನೆಂದೂ ಶಾಸನಗಳಿಂದ ತಿಳಿದುಬರುತ್ತದೆ. ಎರಡನೆಯದನ್ನು ಗಜಶತಕವೆಂದು ಓದಿದವರೂ ಇದ್ದಾರೆ. ಅದು ಓವನಿಗೆಯಾಗಿಯೂ ಒನಕೆವಾಡಾಗಿಯೂ ಹಾಡಲ್ಪಡುತ್ತಿತ್ತೆಂಬ ಶಾಸನದ ಮಾತು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕೃತಿಯು ಸಿಕ್ಕಿಲ್ಲ. ಆನೆಯ ವಿದ್ಯೆಯು ಭತ್ತ ಕುಟ್ಟುವ ಹೆಂಗಸರ ಬಾಯಲ್ಲಿದ್ದ ಕಾಲವೊಂದಿತ್ತು ಎಂಬಷ್ಟನ್ನು ತಿಳಿದು ನಾವು ನಿಲ್ಲಬೇಕಾಗಿದೆ. ಬಹು ಕಾಲದ ಮೇಲೆ ಕೆಳದಿಯ ಬಸವಪ್ಪನಾಯಕನು ತನ್ನ ಶಿವತತ್ತ್ವರತ್ನಾಕರದಲ್ಲಿ ಗಜವಿಷಯವನ್ನು ಸಂಗ್ರಹಿಸಿದನು. ಅದರಲ್ಲಿ ಸೋಮೇಶ್ವರನ ಗ್ರಂಥದ ಋಣವು ಕಾಣುತ್ತದೆ.

ಈಗ ಪ್ರಕೃತ ಬೆಟ್ಟಗಳಿಗೆ ಬರುವೆನು. ಸಕಲೇಶಪುರ ತಾಲ್ಲೂಕಿಗೆ ಮೊದಲಿದ್ದ ಹೆಸರು ಮಂಜರಾಬಾದು. 1792ರ ಸುಮಾರಿನಲ್ಲಿ ಟೀಪೂಸುಲ್ತಾನನು ಇಲ್ಲಿ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿದನು. ಕವಿದಿದ್ದ ಮಂಜಿನಿಂದ ಈ ಹೆಸರು ಬಂದಿತೆಂಬುದು ಐತಿಹ್ಯ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಇಲ್ಲಿ ಕಾಫಿ ತೋಟಗಳು ಹಬ್ಬಿದವು. ಮಂಜರಾಬಾದಿನ ತೋಟದೊಡೆಯನಾಗಿದ್ದ ರಾಬರ್ಟ್ ಎಲಿಯಟ್ ಎಂಬಾತನು 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಈ ಮೂರೂ ಸೇರಿಕೊಂಡಿವೆ. ಆ ಕಾಲದ ದೊರೆಗಳಿಗೆ ಬೇಟೆಯು ವಿನೋದ. ಕಾಡು ತೋಟವಾಯಿತು, ಆದರೆ ತೋಟದ ಮೇಲೆ ನೆರಳಿಗೆಂದು ಮರಗಳು ಉಳಿದವು. ಆನೆಗೆ ನೆರಳೂ ನೀರೂ ಇರುವ ಕಾಫಿ ತೋಟವು ಕಾಡಿನಂತೆಯೇ ಕಾಣುವುದು. 1979ರಲ್ಲಿ ಗೊರೂರಿನ ಬಳಿ ಹೇಮಾವತಿಯ ಅಣೆಕಟ್ಟು ಮುಗಿದು ಜಲಾಶಯವು ಹರಡಿದ ಮೇಲೆ ಈ ಪ್ರದೇಶದ ನೆಲದ ಆಕಾರವೇ ಬದಲಾಯಿತು. ಕಾಡು ಚೂರುಚೂರಾಗಿ, ಗದ್ದೆ ತೋಟಗಳ ನಡುವೆಯೇ ಬದುಕುವ ಆನೆಗಳು ಇಲ್ಲಿ ನೆಲೆಸಿದವು.

ಮೈಸೂರು ಸೀಮೆಯಲ್ಲಿ ಆನೆಯನ್ನು ಹಿಡಿಯುವ ವಿದ್ಯೆಯು ಹೊಸದಾಗಿ ಕಲಿಯಲ್ಪಟ್ಟ ವೃತ್ತಾಂತವು ಇಲ್ಲಿ ಹೇಳಲು ಯೋಗ್ಯವಾಗಿದೆ. ಹೈದರಾಲಿಯು ಒಮ್ಮೆ ಪ್ರಯತ್ನಿಸಿ ಸೋತು, ಮುಂದೆ ಯಾರೂ ಇದನ್ನು ಮಾಡಲಾರರೆಂದೂ ಮಾಡಹೊರಟವರಿಗೆ ಶಾಪವೆಂದೂ ಕಲ್ಲಿನ ಮೇಲೆ ಬರೆಯಿಸಿದನೆಂಬ ಮಾತನ್ನು ಸ್ಯಾಂಡರ್ಸನ್ ಎಂಬ ಅಧಿಕಾರಿಯು ತನ್ನ 1878ರ ಪುಸ್ತಕದಲ್ಲಿ ದಾಖಲೆ ಮಾಡಿದ್ದಾನೆ. ಈ ಸ್ಯಾಂಡರ್ಸನ್ನನು ಮೈಸೂರು ಸರಕಾರದ ಕಾಲುವೆಗಳ ಅಧಿಕಾರಿ. ಆನೆ ಹಿಡಿಯುವುದನ್ನು ಕಸುಬಾಗಿ ಕಲಿತವನಲ್ಲ. ಕನ್ನಡವನ್ನು ಕಲಿತು, ಕಾಡಿನ ಜನರೊಡನೆ ತಿರುಗಿ, ಹಿಂಡುಗಳು ಯಾವ ಋತುವಿನಲ್ಲಿ ಎಲ್ಲಿ ಇಳಿಯುವುವೆಂಬುದನ್ನು ಅವರಿಂದ ತಿಳಿದುಕೊಂಡು, 1874ರಲ್ಲಿ ಚಾಮರಾಜನಗರದ ಬಳಿ ಹಿಂಡೊಂದನ್ನು ಕೂಡಿದನು. ಗುಂಡಿಯ ವಿಧಾನವನ್ನು ಆತನು ಕ್ರೂರವೆಂದು ಖಂಡಿಸಿದ್ದಾನೆ. ಬಿದ್ದ ಆನೆಯ ಕೈಕಾಲು ಮುರಿಯುವುದನ್ನು ಅವನು ಬಲ್ಲವನಾಗಿದ್ದನು. ಮಾತಂಗಲೀಲೆಯನ್ನು ಕಂಡಿರಲಾರದವನು ಅನುಭವದಿಂದಲೇ ಅದರ ನಿಷೇಧಕ್ಕೆ ಬಂದು ಮುಟ್ಟಿದನೆಂಬುದು ಶಾಸ್ತ್ರಕ್ಕೆ ಗೌರವ ತರುವ ಸಂಗತಿ. ಆ ಬಳಿಕ ಕಾಕನಕೋಟೆಯ ಖೆಡ್ಡಗಳು ರಾಜವೈಭವದ ಪ್ರದರ್ಶನಗಳಾಗಿ 1971ರ ವರೆಗೆ ನಡೆದವು. ಹೆಸರಾದ ಆ ಸ್ಥಳವು ಕಬಿನಿ ಜಲಾಶಯದಲ್ಲಿ ಮುಳುಗಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದುದರಿಂದ ಅರಸನ ಸ್ಥಾನವನ್ನು ಕಾಯಿದೆಯು ವಹಿಸಿಕೊಂಡಿತು. ಇದರಲ್ಲಿ ಬೇಟೆಯೆಂಬ ಪದದ ಲಕ್ಷಣವನ್ನು ವಿದ್ವಾಂಸರು ಗಮನಿಸಬೇಕು. ಕೊಲ್ಲುವುದು ಮಾತ್ರವಲ್ಲದೆ ಹಿಡಿಯುವುದು, ಉರುಳಿನಲ್ಲಿ ಸಿಲುಕಿಸುವುದು, ಬೋನಿಗೆ ಕೆಡವುವುದು, ಹಾಗೆ ಮಾಡಲು ಯತ್ನಿಸುವುದು ಕೂಡ ಬೇಟೆಯೇ. 1977ರಲ್ಲಿ ಆನೆಯನ್ನು ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಜನರ ಜೀವಕ್ಕೆ ಅಪಾಯಕಾರಿಯಾದ ಮೃಗದ ವಿಷಯದಲ್ಲಿಯೂ, ಅದನ್ನು ಹಿಡಿಯಲು, ಮಂಪರು ಬರಿಸಲು ಅಥವಾ ಬೇರೆಡೆಗೆ ಒಯ್ಯಲು ಸಾಧ್ಯವೇ ಇಲ್ಲವೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನದಟ್ಟಾದ ಹೊರತು ಕೊಲ್ಲಲು ಆಜ್ಞೆ ಕೊಡಕೂಡದು. ಹಿಡಿಯುವಾಗಲೂ ಮೃಗಕ್ಕೆ ಆಗುವ ಆಘಾತವು ಅತ್ಯಲ್ಪವಾಗಿರಬೇಕು. ಕಾಡಿಗೆ ಮರಳಿಸಬಹುದಾದುದನ್ನು ಕಟ್ಟಿ ಇಡಕೂಡದು. ಅಜನು ಬಿಲ್ಲನ್ನು ಅರ್ಧ ಸೆಳೆದ ನೀತಿಯು ಇದರಲ್ಲಿ ಗದ್ಯವಾಗಿ ಬಂದಿದೆಯೆಂದರೆ ಅತಿಶಯೋಕ್ತಿಯಾಗದು.

ಕಾಯಿದೆ ಇದ್ದರೂ ಅವಪಾತವು ಹೋಗಲಿಲ್ಲ, ವೇಷವನ್ನು ಬದಲಾಯಿಸಿತು. ಮಲೆನಾಡಿನ ತೋಟಗಳ ಅಂಚಿನಲ್ಲಿ ಕಾಡುಹಂದಿಗೆಂದು ತಂತಿಯ ಉರುಳನ್ನು ಒಡ್ಡುವುದುಂಟು. ಮೋಟಾರು ಬಂಡಿಯ ಕ್ಲಚ್ಚಿನ ತಂತಿಯೇ ಅದಕ್ಕೆ ಸಾಕು. ಹಂದಿಯು ಬಾಳೆಯನ್ನೂ ಗೆಣಸನ್ನೂ ಹಾಳುಮಾಡುವುದು ನಿಜ; ಒಡ್ಡಿದವನ ನಷ್ಟವೂ ನಿಜ. ಆದರೆ ಆ ತಂತಿಯಲ್ಲಿ ಚಿರತೆಗಳು ಸೊಂಟಕ್ಕೆ ಸಿಕ್ಕಿಕೊಂಡು ದಿನಗಟ್ಟಲೆ ಒದ್ದಾಡಿ ಸತ್ತುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ತೋಟದವನ ನಾಯಿಯೂ ಸಿಕ್ಕುವುದು. ಗುಂಡಿಯಂತೆ ಈ ಉರುಳಿಗೂ ಕಣ್ಣಿಲ್ಲ. ಒಡ್ಡಿದವನು ಮನೆಯಲ್ಲಿ ಮಲಗಿರುವನು. ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಯಲ್ಲಿ ಬರುವ ‘ದೀವ’ವನ್ನು, ಎಂದರೆ ಸಾಕಿದ ಮೃಗವನ್ನು ಮುಂದುಮಾಡಿಕೊಂಡು ಹೋಗುವ ಬೇಡನು ಅಷ್ಟು ಹೊತ್ತೂ ಮೃಗವನ್ನು ನೋಡುತ್ತ ಪೊದೆಯಲ್ಲಿ ಕುಳಿತಿರಬೇಕಾಗಿತ್ತು. ಅವನ ಉದ್ದೇಶವೂ ಕೊಲ್ಲುವುದೇ. ಆದರೆ ಅವನಿಗೆ ಬಿಡುವ ಅವಕಾಶವಿತ್ತು, ತಂತಿಗೆ ಅದಿಲ್ಲ.

ಆನೆಗಳ ವಿಷಯಕ್ಕೆ ಮರಳೋಣ. ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ, ಆನೆಗಳ ವಿಷಯದಲ್ಲಿ ಲೋಕಪ್ರಸಿದ್ಧರಾದ ಪ್ರೊಫೆಸರ್ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಕಾರ್ಯಪಡೆಯು 2012ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಆನೆ ಇರಬೇಕಾದ ನೆಲ, ಆನೆ ಮತ್ತು ಮನುಷ್ಯ ಹೊಂದಿಕೊಂಡು ಇರಬಹುದಾದ ನೆಲ, ಆನೆಯನ್ನು ತೆಗೆಯಬೇಕಾದ ನೆಲ ಎಂದು ಮೂರು ಬಗೆಯಾಗಿ ವಿಂಗಡಿಸಿ, ಆಲೂರಿನ ಕಡೆಯದನ್ನು ಮೂರನೆಯದರಲ್ಲಿ ಇರಿಸಿತು. ಅದರಂತೆ 2014ರಲ್ಲಿ ಈ ಸೀಮೆಯಿಂದ 22 ಆನೆಗಳನ್ನು ಹಿಡಿಯಲಾಯಿತು. ಸಾಕಿದ ಆನೆಗಳ ನೆರವಿನಿಂದ, ಮಂಪರಿನ ಸೂಜಿಯನ್ನು ಹಾರಿಸಿ, ಒಂದೊಂದನ್ನಾಗಿ ಹಿಡಿಯುವ ಈ ವಿಧಾನವು ಶಾಸ್ತ್ರದ ವಶಾಬಂಧಕ್ಕೂ ಅನುಗತಕ್ಕೂ ಹತ್ತಿರವಾದುದು. ಇಲ್ಲಿ ಆಯ್ಕೆಯುಂಟು, ಆದುದರಿಂದ ಇದನ್ನು ಅವಪಾತದೊಡನೆ ಸೇರಿಸಲಾಗದು. ಆದರೆ ಕೆಲವು ವರ್ಷಗಳಲ್ಲಿಯೇ ಬರಿದಾದ ನೆಲಕ್ಕೆ ಬೇರೆ ಆನೆಗಳು ಬಂದು ಸೇರಿದವು. ದೂರದ ಕಾಡಿಗೆ ಒಯ್ದು ಬಿಟ್ಟುದು ತಿರುಗಿ ಬಂದುದೂ ಉಂಟು. ಕೌಟಿಲ್ಯನ ನಿಬಂಧದಲ್ಲಿ ‘ಬಂಧಮುಕ್ತ’ಕ್ಕೆ ಬೇರೆಯೇ ಒಂದು ಕಲಮು ಏಕಿತ್ತೆಂಬುದು ಇದರಿಂದ ಅರ್ಥವಾಗುವುದು. ನೆಲವು ಮೊದಲಿನಂತೆಯೇ ಇದ್ದು ಆನೆಯನ್ನು ಮಾತ್ರ ತೆಗೆದರೆ ಕೆಲಸವು ಮುಗಿಯದೆಂಬುದನ್ನು ಈಗ ಎಲ್ಲರೂ ಬಲ್ಲರು. ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿ, ಹಿಂಡು ಎಲ್ಲಿದೆಯೆಂಬುದನ್ನು ಊರವರಿಗೆ ತಿಳಿಸುವ ಏರ್ಪಾಡು ಬಂದಿರುವುದು ಇದರಿಂದಲೇ. ಹಿಡಿದು ಇಟ್ಟುಕೊಳ್ಳುವುದಕ್ಕಲ್ಲ, ತಿಳಿದು ಬಿಡುವುದಕ್ಕೆ ಹಿಡಿಯುವುದು ಎಂಬ ಈ ಗ್ರಹಣಕ್ಕೆ ಹಳೆಯ ಐದು ಬಂಧಗಳಲ್ಲಿ ಹೆಸರಿಲ್ಲ.

ಕೆಲವು ಕಾಲದ ಹಿಂದೆ ಆಲೂರಿನ ಕಡೆಯ ಬಂಧುಗಳ ಮನೆಯಲ್ಲಿ ಎರಡು ದಿನ ತಂಗಿದ್ದಾಗ, ಬೆಳಗ್ಗೆ ತೋಟದ ದಾರಿಯಲ್ಲಿ ಲದ್ದಿಯನ್ನು ಕಂಡು ನಿಂತೆನು. ಜೊತೆಯಲ್ಲಿದ್ದ ಆಳು ಬಗ್ಗಿ ಅಂಗೈಯನ್ನು ಹತ್ತಿರ ಹಿಡಿದು, “ಬಿಸಿ ಐತೆ ಅಯ್ನೋರೆ, ಮುಂದಕ್ ಬ್ಯಾಡ, ಮರಿ ಇರೋ ಹಿಂಡು” ಎಂದನು. ಮರಿ ಇರುವುದು ಹೇಗೆ ತಿಳಿಯಿತೆಂದು ಕೇಳಲು ಚಿಕ್ಕ ಹೆಜ್ಜೆಯನ್ನು ಬೆರಳಿನಿಂದ ತೋರಿಸಿದನು. ನನ್ನ ಕಣ್ಣಿಗೆ ಕೆಸರು ಮಾತ್ರ ಕಂಡಿತು. ಇಬ್ಬರೂ ಹಿಂದಕ್ಕೆ ಬಂದೆವು. ಅರ್ಥಶಾಸ್ತ್ರದ ಆ ಪ್ರಕರಣವನ್ನು ಇಪ್ಪತ್ತು ಸಲ ಪಾಠ ಹೇಳಿದ್ದ ನನಗೆ, ವನಚರನೆಂಬ ಶಬ್ದಕ್ಕೆ ಅರ್ಥವು ಅಂದು ಗೊತ್ತಾಯಿತು.

2023ನೆಯ ವರ್ಷವು ಈ ಬೆಟ್ಟಗಳಿಗೆ ಕೆಟ್ಟದಾಗಿ ಬಂದಿತು. ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮನೆಂಬ ಸಲಗಕ್ಕೆ ಚಿಕಿತ್ಸೆ ಮಾಡುವ ಉದ್ದೇಶದಿಂದ ಮಂಪರಿನ ಸೂಜಿಯನ್ನು ಹಾರಿಸಿದ ಅರಣ್ಯ ಇಲಾಖೆಯ ಅನುಭವಿಯಾದ ಕೆಲಸಗಾರನು ಅದೇ ಆನೆಯಿಂದ ಹತನಾದನು. ಪಾಲಕಾಪ್ಯನ ಕೆಲಸಕ್ಕೆ ಹೋದವನು ಅವನು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ, ಕಾಡಾನೆಯನ್ನು ಹಿಡಿಯಲು ಹೋಗಿದ್ದ ಸಾಕಾನೆಗಳಲ್ಲಿ ಒಂದಾದ ಅರ್ಜುನನು ಮದವೇರಿದ ಸಲಗದೊಡನೆ ಹೋರಾಡಿ ಸತ್ತನು. 2012ರಿಂದ 2019ರ ವರೆಗೆ ಮೈಸೂರಿನ ವಿಜಯದಶಮಿಯ ದಿನ ಚಿನ್ನದ ಅಂಬಾರಿಯನ್ನು ಹೊತ್ತ ಆನೆಯದು. ಅರುವತ್ತು ವರ್ಷ ದಾಟಿದವಕ್ಕೆ ಭಾರವನ್ನು ಹೊರಿಸಕೂಡದೆಂಬ ಕಾರಣದಿಂದ 2020ರಲ್ಲಿ ಅಂಬಾರಿಯ ಕೆಲಸವು ಅಭಿಮನ್ಯುವೆಂಬ ಆನೆಗೆ ಹೋಗಿತ್ತು. ಅಂಬಾರಿಗೆ ವೃದ್ಧನಾದ ಆನೆಯು ಸಲಗವನ್ನು ಹಿಡಿಯಲು ವೃದ್ಧನಾಗದೆ ಹೋದುದು ಹೇಗೆಂದು ಆ ದಿನಗಳಲ್ಲಿ ಜನರು ಕೇಳಿದರು. ಅಗ್ರಾಹ್ಯದ ಪಟ್ಟಿಯು ಹಿಡಿಯಲ್ಪಡುವ ಆನೆಯನ್ನು ಕುರಿತದ್ದು. ಹಿಡಿಯಲು ಹೋಗುವ ಆನೆಗೂ ಅಂಥದೊಂದು ಪಟ್ಟಿ ಬೇಕಾಗಿತ್ತು.

ಈ ಅರ್ಜುನನು 1968ರಲ್ಲಿ ಕಾಕನಕೋಟೆಯ ಖೆಡ್ಡದಲ್ಲಿ ಸಿಕ್ಕಿದವನು. 2020ರ ಹೊತ್ತಿಗೆ ಅರುವತ್ತನ್ನು ದಾಟಿದ್ದನೆಂಬ ಲೆಕ್ಕದಿಂದ ಹಿಂದಕ್ಕೆ ಎಣಿಸಿದರೆ, ಸಿಕ್ಕಿದಾಗ ಅವನಿಗೆ ಸುಮಾರು ಎಂಟು ಹತ್ತು ವರ್ಷಗಳಾಗಿದ್ದಿರಬೇಕು. ಇಪ್ಪತ್ತು ವರ್ಷದ ಆನೆಯನ್ನು ಹಿಡಿಯತಕ್ಕದ್ದೆಂಬ ಕೌಟಿಲ್ಯನ ವಿಧಿಯಂತೆ ಅಂದು ಅವನನ್ನು ಬೇಲಿಯಿಂದ ಹೊರಕ್ಕೆ ಬಿಡಬೇಕಾಗಿತ್ತು. ಐವತ್ತೈದು ವರ್ಷಗಳ ಮೇಲೆ ಮತ್ತೊಂದನ್ನು ಹಿಡಿಯಲು ಹೋದ ಅವನನ್ನು ದಬ್ಬಳ್ಳಿಕಟ್ಟೆಯಲ್ಲಿಯೇ ಹೂಳಿದರು.